ಬೆಟ್ಟದ ಕುಡು, ಪೊದೆಯ ಕುಡು

ನಮ್ಮ ಯಜಮಾನರು ಲೆಕುಪೆ ಕೂತಲ್ಲಿ ಕೂರುವವರಲ್ಲ. ಹಾಲು ಕುಡಿಯುವಾಗಲೂ ಒಂದು ಕಾಲು ಬಾಗಿಲಾಚೆ. ಆ ವರ್ಷವಂತೂ ಕಾಲಿಗೆ ಚಕ್ರ ಕಟ್ಟಿಕೊಂಡಿದ್ದರು. ನಮ್ಮ ಕುಲದ ಕೊಂಬನ್ನು ಒಂಟೆಯೊಂದು ತುಳಿದು ಸೀಳಿತ್ತು. ಊದಿದರೆ ಬರೀ ಗಾಳಿ. ನಾವು ಕೆನ್ಯಾದ ದನಗಾಹಿ ಸಾಂಬುರುಗಳು, ಹುಡುಗರನ್ನು ಸುನ್ನತಿ ಮಾಡಿಸಿ ಯೋಧರನ್ನಾಗಿಸುವ ಹಬ್ಬಕ್ಕೆ ಕೊಂಬೇ ಕರೆಯಬೇಕು. ಊದುವವರು ಇವರು, ಆ ಸಲ ಹೋಗಬೇಕಾದವರಲ್ಲಿ ನಮ್ಮ ಮಗ ಲೆಮಾಯನ್ ಕೂಡ ಒಬ್ಬ. ಕೊಂಬಿಲ್ಲದಿದ್ದರೆ ಆಚೆ ಕುಲದವರ ಕರೆಗೆ ಓಗೊಟ್ಟು ಬದುಕಿಡೀ ಅವರ ಹುಡುಗರ ಹಿಂದೆ ನಿಲ್ಲಬೇಕು.

ಹೊಸ ಕೊಂಬು ಬೆಟ್ಟದ ದೊಡ್ಡ ಕುಡು ಎಂಬ ಸುರುಳಿಗೊಂಬಿನ ಜಿಂಕೆಯದೇ ಆಗಬೇಕು, ಅದೂ ಮನುಷ್ಯರ ಕೈಯಿಂದ ಸತ್ತದ್ದಾಗಿರಬಾರದು. ಕೆಳಗಿನ ಮುಳ್ಳುಪೊದೆಯಲ್ಲಿರುವುದು ಸಣ್ಣ ಕುಡು. ಬೆಟ್ಟದ ಬುಡದಲ್ಲಿ ಎರಡೂ ಒಟ್ಟಿಗೆ ಮೇಯುತ್ತವೆ, ತಂಟೆಯೆಲ್ಲ ಅಲ್ಲಿಯೇ. ದಕ್ಷಿಣ ದೇಶದಲ್ಲಿ ಕಾವಲು ಕೆಲಸ ಮಾಡಿ ಬಂದ ನನ್ನ ತಮ್ಮ ಒಂದು ದಿನ ಓಡಿಬಂದ.

"ಭಾವ, ದೊಡ್ಡದು ಸತ್ತು ಬಿದ್ದಿದೆ. ಮೈಮೇಲೆ ಹತ್ತು ಗೆರೆ."

ಇವರು ಬಿಸಿಲಲ್ಲೇ ಓಡಿದರು. ಬಿದ್ದಿದ್ದದ್ದು ಸಣ್ಣದು. ಗಡ್ಡವಿಲ್ಲ, ಕೊರಳಲ್ಲಿ ಎರಡು ಬಿಳಿ ಪಟ್ಟೆ.

"ಅಲ್ಲಿ ದೊಡ್ಡದಕ್ಕೇ ಹತ್ತು ಗೆರೆ ಇರ್ತವೆ ಭಾವ, ನಾನೇ ಕಂಡಿದೀನಿ."

"ಅಲ್ಲಿಯದಕ್ಕೆ ಇರ್ತವಪ್ಪ. ನಮ್ಮ ಬೆಟ್ಟದ್ದಕ್ಕೆ ಐದಾರೇ. ಹೋಗು, ಈ ಕೊಂಬು ನೀನೇ ಊದು."

ಆ ಕೊಂಬಿಗೆ ನಾನು ಹಾಲಿನ ಸೋರೆಬುರುಡೆ ನೇತುಹಾಕಿದೆ.

ಕಡೆಗೂ ಬೆಟ್ಟದ ಬುಡದಲ್ಲಿ ನಿಜವಾದ ದೊಡ್ಡ ಗಂಡು ಕಂಡಿತು. ಮುದಿ, ಕುಂಟು. ಇಂದೋ ನಾಳೆಯೋ ಸಾಯುತ್ತದೆಂದು ಇವರು ಅದರ ಬೆನ್ನಿಗೆ ಬಿದ್ದರು. ಹಬ್ಬದ ಹುಣ್ಣಿಮೆ ಹತ್ತಿರವಾಗುತ್ತಿತ್ತು. ಹಾಲು ಹೊತ್ತುಕೊಂಡು ಹೋದರೆ ಕಾಡುನಾಯಿಗಳು ಕುಡುವನ್ನು ಸುತ್ತುವರಿದಿದ್ದವು. ಸದ್ಯ, ಮುಗಿಯಿತು ಎಂದುಕೊಂಡೆ. ಇವರು ಕೋಲು ಬೀಸುತ್ತ ನುಗ್ಗಿ ನಾಯಿಗಳನ್ನು ಓಡಿಸಿಬಿಟ್ಟರು.

"ತಲೆ ಕೆಟ್ಟಿದೆಯಾ ನಿಮಗೆ? ಅವು ತಿಂದಿದ್ರೆ ಕೊಂಬು ನಮಗೆ ಸಿಗ್ತಿತ್ತು."

"ಗೊತ್ತು ಕಣೇ. ಕೈ ಕೇಳಲಿಲ್ಲ. ಇಷ್ಟು ದಿನ ಅದರ ಜೊತೆ ನಡೆದಿದೀನಿ."

"ಮಗನ ಜೊತೆ ಎಷ್ಟು ದಿನ ನಡೆದಿದೀರಿ?"

ಇವರು ಕೋಲೆತ್ತಿಕೊಂಡು ಮತ್ತೆ ಕುಡುವಿನ ಹಿಂದೆಯೇ ನಡೆದರು. ನನಗಿನ್ನೂ ಆ ಸಿಟ್ಟು ಇಳಿದಿಲ್ಲ.

ಹುಣ್ಣಿಮೆಗೆ ಆಚೆ ಕುಲದ ಕೊಂಬು ಕೂಗಿತು. ಮಗ ತಲೆ ತಗ್ಗಿಸಿಕೊಂಡು ಹೋದ. ಮಳೆ ಬಿದ್ದ ಮೇಲೆ ಮುದಿ ಕುಡು ತಾನಾಗಿ ಸತ್ತಿತು. ಇವರು ಕೊಂಬು ತಂದು, ತೂತು ಕೊರೆದು, ಮನೆ ಮುಂದೆ ನಿಂತು ಊದಿದರು. ಕಣಿವೆಯೆಲ್ಲ ತುಂಬುವ ಸದ್ದು. ಆಚೆ ಕುಲದ ಹುಡುಗರ ಹಿಂದೆ ದನ ಹೊಡೆದುಕೊಂಡು ಹೋಗುತ್ತಿದ್ದ ಮಗ ಗಕ್ಕನೆ ನಿಂತ. ನಮ್ಮ ಕಡೆ ತಿರುಗಿದ. ಮುಂದಿದ್ದವನು ಹೆಜ್ಜೆ ಹಾಕಿದ್ದೇ ಅವನೂ ನಡೆದ.