ಸೊಳ್ಳಿ ಖಾತೆಯ ಲಾರಿ

"ಜ್ವರ ಬಂದವರನ್ನೂ ಹೊರಗ ತರ್ರಿ, ಲಗೂನ! ಗ್ವಾಡಿಗೆ ಔಷಧ ಹೊಡೀಬೇಕು," ಎಂದು ಮಲೇರಿಯಾ ತಂಡದ ಮೇಸ್ತ್ರಿಯಾದ ಮುಕಾದಮ ಉಟಗಿ ಊರಿನ ನಮ್ಮ ಓಣಿಯಲ್ಲಿ ಕೂಗಿದ. ಮನೆಮನೆಯಿಂದ ಹೊರಸುಗಳು ಹೊರಬಂದವು. ಒಂದೊಂದರ ಮೇಲೂ ಕಂಬಳಿ ಹೊದ್ದು ನಡುಗುವ ಜೀವ. ತಮ್ಮ ಮನೆಯಲ್ಲಷ್ಟೇ ಜ್ವರ ಎಂದುಕೊಂಡಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು.

ನನ್ನ ಸೋದರತ್ತೆಗೆ ಎಚ್ಚರ ತಪ್ಪುತ್ತಿತ್ತು. ಗುಳಿಗೆ ಕೊಡಿ ಎಂದೆ.

"ನಮ್ದು ಸೊಳ್ಳಿ ಖಾತೆರಿ. ಜ್ವರ ದವಾಖಾನಿಯವರ್ದು," ಎಂದ ಮುಕಾದಮ.

ದವಾಖಾನೆ ದೂರದ ಜತ್ತದಲ್ಲಿ. ಅಲ್ಲಿನ ಡಾಕ್ಟರು ಬಾಗಿಲಿಗೆ ಬಂದವರನ್ನಷ್ಟೇ ನೋಡುವವರು. ಜತ್ತಕ್ಕೆ ಮರಳುವ ಇವರ ಲಾರಿಯೋ ಖಾಲಿ ಡಬ್ಬಿಗಳಿಗೆ ಮೀಸಲು.

"ಈಕಿಗೆ ಜ್ವರ ಬಂದಿದ್ದು ನಿಮ್ಮ ಸೊಳ್ಳಿ ಕಡದಿದ್ದಕ್ಕರಿ. ಅಂದಮ್ಯಾಲ ಈಕಿನೂ ನಿಮ್ಮ ಖಾತೆದಾಕಿನ ಅಲ್ಲೇನ್ರಿ, ಮುಕಾದಮರ?" ಎಂದೆ.

ಅವನು ಪಂಪು ಕೆಳಗಿಟ್ಟ. "ಸಾಲಿ ಕಲ್ತವರ ಕೂಡ ಮಾತಾಡೂದು ಭಾಳ ತ್ರಾಸು. ಲಾರಿಗೆ ಹತ್ತಸ್ರಿ ಅವ್ವನ್ನ."

ಜತ್ತದ ಗುಳಿಗೆ ನುಂಗಿ ಅತ್ತೆ ಬದುಕಿದಳು. ಮಿಕ್ಕ ಹೊರಸುಗಳು ಗೋಡೆ ಒಣಗಿದ ಮೇಲೆ, ಮಲಗಿದ್ದವರ ಸಮೇತ ಒಳಗೆ ಹೋದವು. ಆ ದಿನ ಸರ್ಕಾರದ ಕೈ ನಮ್ಮ ಓಣಿಯ ಪ್ರತಿ ಗೋಡೆಯನ್ನೂ ಮುಟ್ಟಿತು. ಜ್ವರದ ಹಣೆಗಳಲ್ಲಿ ಮುಟ್ಟಿದ್ದು ಒಂದನ್ನೇ, ಅದೂ ವಾದದಲ್ಲಿ ಸೋತು.