ಕಂದೀಲಜ್ಜಿಯ ನಾಲ್ಕನೆಯ ಶಕ್ತಿ

ಬೈಲಹೊಂಗಲದಲ್ಲಿ ಇಂಟರ್‌ನೆಟ್ ಎಂದರೆ ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು, ಸರದಿ ಕಾದು ಕೂಡಬೇಕಾದ ಒಂದು ಕೋಣೆಯಾಗಿದ್ದ ದಿನಗಳವು. ನಾನು ಒಂಬತ್ತನೆಯ ತರಗತಿ ಮುಗಿಸಿದ್ದೆ. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು, ಆಣೆ ಮಾಡಿ ಹೇಳಲಾರೆ. ಮುಂದೆ ಧಾರವಾಡದಲ್ಲಿ ಇತಿಹಾಸ ಓದಿದಾಗ ನನಗೆ ದಕ್ಕಿದ್ದು ಒಂದೇ ಪಾಠ: ಹೇಳುವವನಿಗೆ ಅನುಕೂಲವಾಗುವ ಸಾಕ್ಷಿಯನ್ನು ಮೊದಲು ಅನುಮಾನಿಸಬೇಕು. ಆ ಬೇಸಿಗೆಯ ಬಗ್ಗೆ ನನ್ನ ತಲೆಯಲ್ಲಿ ಉಳಿದದ್ದೆಲ್ಲ ನನಗೆ ಅನುಕೂಲವಾಗಿಯೇ ಉಳಿದಿದೆ. ಅದಕ್ಕೇ ಈಗ ಬರೆದು ನೋಡುತ್ತಿದ್ದೇನೆ.

ಕೋಣೆ ಗೊಬ್ಬರದ ಅಂಗಡಿಯ ಮೇಲಿತ್ತು. ಕೆಳಗಿನಿಂದ ಯೂರಿಯಾದ ಘಾಟು, ಒಳಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ, ಯಾರೋ ಪೇಪರಿನಲ್ಲಿ ಕಟ್ಟಿಸಿಕೊಂಡು ಬಂದ ಗಿರ್ಮಿಟ್ಟಿನ ಹಸಿ ಉಳ್ಳಾಗಡ್ಡಿ. ಆರು ಕಂಪ್ಯೂಟರುಗಳು, ಪ್ರತಿಯೊಂದರ ನೆತ್ತಿಯ ಮೇಲೆ ಸುಣ್ಣದಲ್ಲಿ ಬರೆದ ನಂಬರು. ನಡೆಸುತ್ತಿದ್ದ ಈರಣ್ಣ ಮಾಮಾ ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದವರು. ಕೀಬೋರ್ಡಿನಲ್ಲಿ ಚುರಮುರಿ ಸಿಕ್ಕರೆ ನಮ್ಮ ಅಪ್ಪಂದಿರನ್ನು ಕರೆಸುವುದಾಗಿ ದಿನಕ್ಕೊಮ್ಮೆ ಹೆದರಿಸುತ್ತಿದ್ದರು. ಒಮ್ಮೆಯೂ ಕರೆಸಲಿಲ್ಲ.

ನಾವು ಆಡುತ್ತಿದ್ದ ಆಟದಲ್ಲಿ ಈ ಕಡೆ ಐವರು, ಆ ಕಡೆ ಐವರು. ಒಬ್ಬೊಬ್ಬರೂ ಒಂದೊಂದು ಪಾತ್ರ ಆರಿಸಿಕೊಂಡು ಎದುರಿನವರ ಕೋಟೆ ಒಡೆಯಬೇಕು. ಪಾತ್ರಗಳ ಇಂಗ್ಲಿಷ್ ಹೆಸರು ನಮ್ಮ ಬಾಯಲ್ಲಿ ನಿಲ್ಲುತ್ತಿರಲಿಲ್ಲ; ಪೈಲ್ವಾನ, ಬಿಲ್ಲುಗಾರ, ಹಾವಾಡಿಗ ಎಂದು ನಾವೇ ಹೆಸರಿಟ್ಟಿದ್ದೆವು. ಪ್ರತಿ ಪಾತ್ರಕ್ಕೂ ನಾಲ್ಕು ಶಕ್ತಿ, ನಾಲ್ಕು ಕೀ. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು, ಆಟ ಅರ್ಧ ಕಳೆದ ಮೇಲೆ ಬರುವಂಥದು.

ಯಾರಿಗೂ ಬೇಡವಾದ ಪಾತ್ರವೊಂದಿತ್ತು. ಬೆನ್ನು ಬಾಗಿದ, ಕೈಯಲ್ಲಿ ದೀಪ ಹಿಡಿದ ಮುದುಕಿ. ನಾವಿಟ್ಟ ಹೆಸರು ಕಂದೀಲಜ್ಜಿ. ಅವಳು ಯಾರನ್ನೂ ಕೊಲ್ಲಲಾರಳು, ಓಡಲಾರಳು. ತನ್ನ ಜೀವ ಕಡಿಮೆ ಮಾಡಿಕೊಂಡು ಉಳಿದವರಿಗೆ ಕೊಡುತ್ತಾಳೆ. ಸ್ವಲ್ಪ ಹೆಚ್ಚು ಕೊಟ್ಟರೆ ತಾನೇ ಸಾಯುತ್ತಾಳೆ. ಅವಳ ನಾಲ್ಕನೆಯ ಶಕ್ತಿಯೆಂದರೆ ಕಂದೀಲನ್ನು ಎತ್ತಿ ಹಿಡಿಯುವುದು. ಮೂರು ಉಸಿರಿನಷ್ಟು ಹೊತ್ತು ಆ ಬೆಳಕಿನಲ್ಲಿದ್ದ ಯಾರೂ ಸಾಯುವುದಿಲ್ಲ. ಒಂದು ಗಳಿಗೆ ಮೊದಲು ಎತ್ತಿದರೆ ವ್ಯರ್ಥ, ಒಂದು ಗಳಿಗೆ ತಡವಾದರೆ ಹೆಣ.

ಅಜ್ಜಿ ಮಹಾಂತೇಶನ ಪಾಲಿಗೆ ಬಂದಳು. ಅವನು ನನ್ನ ತರಗತಿಯವನು, ನನ್ನ ಬೆಂಚಿನವನು. ದೊಡವಾಡದಿಂದ ಬಸ್ಸಿನಲ್ಲಿ ಬರುವವನಾದ್ದರಿಂದ ರಜೆಯಲ್ಲಿ ರವಿವಾರ ಮಾತ್ರ, ಅದೂ ಕೊನೆಗೆ ಬರುತ್ತಿದ್ದ. ಅಷ್ಟರಲ್ಲಿ ಒಳ್ಳೆಯ ಪಾತ್ರಗಳೂ ಒಳ್ಳೆಯ ಕಂಪ್ಯೂಟರುಗಳೂ ಹೋಗಿರುತ್ತಿದ್ದವು. ಉಳಿಯುತ್ತಿದ್ದದ್ದು ಅಜ್ಜಿ ಮತ್ತು ಮೂರನೆಯ ನಂಬರು. ಮೂರನೆಯದರ ಕೀಬೋರ್ಡಿನಲ್ಲಿ ‘ಆರ್’ ಕಿತ್ತು ಹೋಗಿತ್ತು. ನಾಲ್ಕನೆಯ ಶಕ್ತಿ ಇದ್ದದ್ದೇ ಆರ್‌ನಲ್ಲಿ. ಈರಣ್ಣ ಮಾಮಾ ಅದೊಂದು ಕಂಪ್ಯೂಟರಿನಲ್ಲಿ ಮಾತ್ರ ಆ ಕೆಲಸವನ್ನು ಪಕ್ಕದ ‘ಟೀ’ಗೆ ಒಪ್ಪಿಸಿ, ಮಹಾಂತೇಶನಿಗೆ “ನಾಕನೇದಕ್ಕ ಟೀ ಒತ್ತು” ಎಂದಷ್ಟೇ ಹೇಳಿದ್ದರು. ಅವನು ಬೇರೆ ಕಂಪ್ಯೂಟರಿನ ಮುಂದೆ ಕೂತವನೇ ಅಲ್ಲ. ಎಲ್ಲ ಕಡೆಯೂ ಹಾಗೆಯೇ ಎಂದುಕೊಂಡಿದ್ದ.

ಒಂದು ದಿನ ಅವನ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಮಂಡಿಯ ಮೇಲೆ ಸೀರೆ ಡಬ್ಬಿಯ ರಟ್ಟು ಇಟ್ಟುಕೊಂಡು ಕೂತಿದ್ದ. ರಟ್ಟಿನ ಮೇಲೆ ಪೆನ್ನಿನಿಂದ ಬರೆದ ಕೀಬೋರ್ಡು. ಆರ್ ಇರಬೇಕಾದಲ್ಲಿ ಬರೀ ಖಾಲಿ ಚೌಕ. ಎದುರಿಗೆ ಐದನೆಯ ಇಯತ್ತೆಯಲ್ಲಿ ಓದುತ್ತಿದ್ದ ತಂಗಿ, ಹುರಿದ ಶೇಂಗಾ ಸುಲಿಯುತ್ತ, ಬಾಯಿಗೆ ಬಂದಂತೆ ಗಂಡಾಂತರ ಕೂಗುತ್ತಿದ್ದಳು. “ಪೈಲ್ವಾನ ಸಾಯಾಕತ್ಯಾನ. ಬಿಲ್ಲುಗಾರಗ ಏಟು ಬಿತ್ತು. ಎಲ್ಲಾರೂ ಸಾಯಾಕತ್ತಾರ.” ಅವಳು ಕೂಗಿದ ಹಾಗೆ ಇವನ ಬೆರಳು ರಟ್ಟಿನ ಮೇಲೆ ಓಡುತ್ತಿದ್ದವು. ಒಳಗಿನಿಂದ ಅವರವ್ವ ಹೇಳಿದರು: “ಇಷ್ಟು ಹಾರ್ಮೋನಿಯಂ ಬಾರಿಸಿದ್ರ ಮಠದಾಗ ಭಜನಿಗಾದ್ರೂ ಆಗ್ತಿದ್ದಿಪಾ.”

ಹೀಗೆ ರಟ್ಟಿನ ಮೇಲೆ ಕಲಿತ ಅವನು ಏಪ್ರಿಲ್ ಮುಗಿಯುವ ಹೊತ್ತಿಗೆ ನಮ್ಮನ್ನು ಸಾಯಗೊಡುತ್ತಿರಲಿಲ್ಲ. ನಾನು ಬಿಲ್ಲುಗಾರ, ಹೆಚ್ಚು ಜನರನ್ನು ಕೊಲ್ಲುತ್ತಿದ್ದವನು ನಾನು. ಆದರೆ ಗೆದ್ದಾಗ ನಮ್ಮ ಗುಂಪಿನ ಹಿರಿಯ ಪರಸ್ಯಾ ಬೆನ್ನು ತಟ್ಟುತ್ತಿದ್ದದ್ದು ಅವನದು. ನನಗೆ ಹೊಟ್ಟೆಕಿಚ್ಚು ಇತ್ತೇ? ಇರಲಿಲ್ಲ ಎಂದು ನೆನಪು ಹೇಳುತ್ತದೆ. ಆದರೆ ಯಾವ ದಿನ ಎಷ್ಟು ಬಾರಿ ಬೆನ್ನು ತಟ್ಟಿದ ಎನ್ನುವುದು ಅದಕ್ಕೆ ಇಂದಿಗೂ ನೆನಪಿದೆ.

ಮೇ ತಿಂಗಳಲ್ಲಿ ಬೆಳಗಾವಿಯ ಹುಡುಗರೊಂದಿಗೆ ಆನ್‌ಲೈನ್ ಪಂದ್ಯ ಗೊತ್ತಾಯಿತು. ಅದೇ ವೇಳೆಗೆ ಪರಸ್ಯಾನ ಚಿಕ್ಕಪ್ಪನ ಮಗ ಸವದತ್ತಿಯಿಂದ ರಜೆಗೆ ಬಂದಿದ್ದ, ಅವನಿಗೂ ಗುಂಪಿನಲ್ಲಿ ಜಾಗ ಬೇಕಿತ್ತು. ಪರಸ್ಯಾ ಎಲ್ಲರೆದುರೇ ಹೇಳಿದ: “ಮಾಂತ್ಯಾ, ಈ ಆಟ ದಾಟಿಸಿದ್ರ ನಿನ್ನ ಜಾಗಾ ಪಕ್ಕಾ. ಇಲ್ಲಂದ್ರ ಇವ ಬರ್ತಾನ.” ಮಹಾಂತೇಶ ಹೂಂ ಎಂದು ತಲೆಯಾಡಿಸಿದ. ಆ ವಾರವೆಲ್ಲ ರಟ್ಟು ಅವನ ಮಂಡಿ ಬಿಟ್ಟಿಳಿಯಲಿಲ್ಲವಂತೆ.

ಆ ರವಿವಾರ ದೊಡವಾಡದ ಬಸ್ಸು ತಡವಾಯಿತು. ಅವನು ಮೆಟ್ಟಿಲು ಹತ್ತಿ ಓಡಿ ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು. ಮೂರನೆಯ ನಂಬರಿನಲ್ಲಿ ನಾನು ಕೂತಿದ್ದೆ. ಯಾಕೆ ಕೂತಿದ್ದೆ? ಫ್ಯಾನು ಅದರ ಮೇಲಿತ್ತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಈಗ ಯೋಚಿಸಿದರೆ ಫ್ಯಾನು ಬಾಗಿಲ ಹತ್ತಿರವಿತ್ತೇನೋ ಅನಿಸುತ್ತದೆ.

“ಏಳಪಾ, ಅದು ನಂದು,” ಅಂದ.

“ನಿನ್ನ ಹೆಸರು ಬರದೈತೇನು? ಐದಕ್ಕ ಕುಂದರು, ಆಟ ಚಾಲೂ ಆತು,” ಅಂದೆ.

ಅವನು ಹೋಗಿ ಐದನೆಯದಕ್ಕೆ ಕೂತ.

ಮುಕ್ಕಾಲು ಗಂಟೆ ಆಡಿದೆವು. ಅಷ್ಟು ಚೆನ್ನಾಗಿ ನಾವು ಹಿಂದೆಂದೂ ಆಡಿರಲಿಲ್ಲ. ಮಹಾಂತೇಶನ ಮೊದಲ ಮೂರು ಶಕ್ತಿಗಳು ಎಲ್ಲ ಕೀಬೋರ್ಡಿನಲ್ಲೂ ಒಂದೇ ಕಡೆ ಇದ್ದವು, ಅವು ತಪ್ಪಲಿಲ್ಲ. ನಾಲ್ಕನೆಯದನ್ನು ಅವನು ಕೊನೆಯ ಹೊಡೆದಾಟಕ್ಕೆಂದೇ ಕಾದಿಟ್ಟಿದ್ದ. ಎದುರಿನವರ ಕೋಟೆಯ ಬಾಗಿಲಲ್ಲಿ ಐವರೂ ನಮ್ಮ ಮೇಲೆ ಒಟ್ಟಿಗೆ ಬಿದ್ದರು. ನಮ್ಮ ನಾಲ್ವರ ಜೀವವೂ ಕೂದಲೆಳೆಯಷ್ಟು ಉಳಿದಿತ್ತು. “ಅಜ್ಜೀ, ಕಂದೀಲು,” ಎಂದು ಪರಸ್ಯಾ ಕೂಗಿದ. ನನ್ನ ಎಡಗಡೆಯಿಂದ ಒಂದೇ ಕೀ ಟಕ್ ಟಕ್ ಟಕ್ ಎಂದು ಒತ್ತುವ ಸದ್ದು ಬಂತು. ಬೆಳಕು ಬರಲಿಲ್ಲ. ಪೈಲ್ವಾನ ಬಿದ್ದ, ಹಾವಾಡಿಗ ಬಿದ್ದ, ನಾನು ಬಿದ್ದೆ. ಪರದೆಯ ಕೆಳಗಿನ ಚಿತ್ರವನ್ನು ಮೌಸಿನಿಂದ ಒತ್ತಿದ್ದರೂ ಆಗುತ್ತಿತ್ತು. ಆದರೆ ಅವನು ಎಂದೂ ತನ್ನ ಶಕ್ತಿಗಳತ್ತ ನೋಡಿದವನಲ್ಲ. ಅವನ ಕಣ್ಣು ಯಾವಾಗಲೂ ನಮ್ಮ ಜೀವದ ಮೇಲೆ.

ಸೋತೆವು. ಪರಸ್ಯಾ ಕುರ್ಚಿ ಹಿಂದೆ ತಳ್ಳಿ ಎದ್ದ.

“ಒತ್ತಿದ್ನೋ,” ಅಂದ ಮಹಾಂತೇಶ. “ಖರೇನ ಒತ್ತಿದ್ನಿ.”

“ಒತ್ತಿದ್ರ ಎಲ್ಲಿ ಹೋತು? ಮಂದ್ಯಾಗ ಕೂತ ಮ್ಯಾಲ ಕೈ ನಡುಗಿದ್ವು ಅನ್ನು. ನಿನಗ ಇದು ಹತ್ತೂದಿಲ್ಲ ಬಿಡಪಾ.”

ಮಹಾಂತೇಶ ನನ್ನ ಕಡೆ ನೋಡಿದ. ನಾನು ಚಪ್ಪಲಿ ಹುಡುಕಲು ಹೊರಗೆ ಹೋದೆ. ಮುಂದಿನ ರವಿವಾರ ಸವದತ್ತಿಯ ಹುಡುಗ ಬಂದ.

ನನಗೆ ಗೊತ್ತಿತ್ತೇ? ಗೊತ್ತಿರಲಿಲ್ಲ, ಮಕ್ಕಳಾಟದಲ್ಲಿ ಅದೆಲ್ಲ ಯಾರಿಗೆ ಹೊಳೆಯುತ್ತದೆ ಎಂದು ಬಹಳ ವರ್ಷ ನಂಬಿದ್ದೆ. ಒಂದು ದಿನ, ಧಾರವಾಡದ ಗ್ರಂಥಾಲಯದಲ್ಲಿ ಯಾವುದೋ ಶಾಸನದ ಟಿಪ್ಪಣಿ ನಕಲು ಮಾಡುತ್ತ ಕೂತಾಗ, ಇನ್ನೊಂದು ಸಂಗತಿ ಹೊಳೆಯಿತು. ಆ ಪಂದ್ಯದಲ್ಲಿ ನಾನು ಬಿಲ್ಲುಗಾರನ ನಾಲ್ಕನೆಯ ಶಕ್ತಿಯನ್ನು ಎರಡು ಸಲ ಬಳಸಿದ್ದೆ. ಮೂರನೆಯ ನಂಬರಿನಲ್ಲಿ ಕೂತು, ಆರ್ ಇಲ್ಲದ ಕೀಬೋರ್ಡಿನಲ್ಲಿ. ಅಂದರೆ ಟೀ ಒತ್ತಿದ್ದೆ. ಈ ಸಾಕ್ಷಿ ನನಗೆ ಅನುಕೂಲದ್ದಲ್ಲ, ಆದ್ದರಿಂದಲೇ ಇದನ್ನು ನಂಬುತ್ತೇನೆ. ಎಡಗಡೆಯ ಆ ಸದ್ದು ಕೇಳಿದಾಗ ಒಂದಕ್ಷರ ಕೂಗಲು ಸಮಯವಿತ್ತು. ಕೂಗಲಿಲ್ಲ. ನಾನೇ ಸಾಯುತ್ತಿದ್ದೆ, ಗಾಬರಿಯಾಗಿತ್ತು ಎನ್ನಬಹುದು. ಅನ್ನುತ್ತೇನೆ ಕೂಡ, ಕೆಲವು ದಿನ.

ಹತ್ತನೆಯ ತರಗತಿಯಲ್ಲಿ ಮಹಾಂತೇಶ ಬೇರೆ ಬೆಂಚಿಗೆ ಹೋದ. ಶಾಲೆಗೆ ಕಂಪ್ಯೂಟರುಗಳು ಬಂದಾಗ ಮಾಸ್ತರರು ಒತ್ತಾಯಿಸಿದರೂ ಅವನು ಆ ಕೋಣೆಗೆ ಬರಲಿಲ್ಲ. ತನಗೆ ಅದು ಹತ್ತುವುದಿಲ್ಲ ಎಂದ. ನಾನು ಒಳಗಿದ್ದೆ, ಕೇಳಿಸಿಕೊಂಡೆ.

ಹೋದ ವರ್ಷ ರಾಮದುರ್ಗದ ಒಂದು ಮದುವೆಗೆ ಹೋಗುವಾಗ ಯರಗಟ್ಟಿಯಲ್ಲಿ ಬಸ್ಸು ಬದಲಿಸಲು ಇಳಿದೆ. ನಿಲ್ದಾಣದ ಎದುರು ಪಂಪಿನ ಸಾಮಾನಿನ ಅಂಗಡಿಯಲ್ಲಿ ಅವನಿದ್ದ. ಮೈ ತುಂಬಿಕೊಂಡಿತ್ತು, ಧ್ವನಿ ಅದೇ. ಚಹಾ ತರಿಸಿದ. ಮೇಜಿನ ಮೇಲೆ ಕಂಪ್ಯೂಟರಿತ್ತು, ನನ್ನ ಕಣ್ಣು ಅತ್ತ ಹೋದದ್ದು ಕಂಡು, “ಅದನ್ನ ನಮ್ಮ ಮನಿಯವರು ನೋಡ್ತಾರ. ನನಗ ಮೊದಲಿಂದ ಅದು ಹತ್ತೂದಿಲ್ಲ, ನಿನಗ ಗೊತ್ತೈತಲ್ಲ,” ಎಂದು ನಕ್ಕ.

ಆಗ ಹೇಳಿದೆ. ಆರ್, ಟೀ, ಐದನೆಯ ನಂಬರು, ಎಲ್ಲ. ಅವನು ಚಹಾದ ಕಪ್ಪು ಕೆಳಗಿಟ್ಟ.

“ಹಂಗಾರ ನಾ ಬರೋಬ್ಬರಿ ಒತ್ತಿದ್ನಿ?”

“ಬರೋಬ್ಬರಿ ಒತ್ತಿದ್ದಿ.”

“ನನಗ ಬರತಿತ್ತು ಅನ್ನು.”

“ನಮ್ಮೊಳಗ ಯಾರಿಗೂ ನಿನ್ನಷ್ಟು ಬರತಿರಲಿಲ್ಲೋ, ಮಾಂತೇಶ.”

ಬೈಯುತ್ತಾನೆ ಎಂದುಕೊಂಡಿದ್ದೆ; ಬೈದಿದ್ದರೆ ಹಗುರಾಗುತ್ತಿತ್ತು. ಅವನು ಮೆಲ್ಲಗೆ, “ಭಾಳ ದಿನಕ್ಕ ಹೇಳಿದ್ಯೋ,” ಅಂದ. ಯಾರೋ ವಾಲ್ವು ಕೇಳಿಕೊಂಡು ಬಂದರು. ಅವನು ಎದ್ದು ಒಳಗೆ ಹೋದ.

ಈರಣ್ಣ ಮಾಮಾ ಈಗಿಲ್ಲ. ಆ ಕೋಣೆಯಲ್ಲಿ ಮೊಬೈಲಿನ ಕವರು ಮಾರುತ್ತಾರೆ, ಆ ಆಟವನ್ನು ಯಾರೂ ಆಡುವುದಿಲ್ಲ. ಇವನ್ನೆಲ್ಲ ಕಳೆದುಕೊಂಡೆ ಎಂದು ಬರೆಯುವುದು ಸುಲಭ. ಹಾಗೆ ಬರೆದು ದುಃಖಪಡುವುದರಲ್ಲಿ ಒಂದು ಸುಖವೂ ಇದೆ. ಆದರೆ ಹದಿನೈದು ವರ್ಷಕ್ಕೂ ಮೇಲೆ ಒಬ್ಬ ಮನುಷ್ಯ ತನಗೆ ಚೆನ್ನಾಗಿ ಬರುತ್ತಿದ್ದದ್ದನ್ನು ಬರುವುದಿಲ್ಲ ಎಂದುಕೊಂಡು ಬದುಕಿದ. ಅದು ನನ್ನ ನೆನಪಲ್ಲ, ಅವನ ಬದುಕು. ನಾನು ಎಷ್ಟು ಅನುಮಾನಿಸಿದರೂ ಅದು ಕಡಿಮೆಯಾಗುವುದಿಲ್ಲ.