ಮಗ್ಗ ನಿಂತಾಗ

ಹನ್ನೊಂದೂ ಹತ್ತಕ್ಕೆ ಕರೆಂಟ್ ಹೋಯಿತು. ಮಹಾರಾಷ್ಟ್ರದ ಮಗ್ಗದೂರು ಇಚಲಕರಂಜಿಯಲ್ಲಿ ಅದು ಮೊದಲು ಗೊತ್ತಾಗುವುದು ಕಿವಿಗೆ. ನಾನು ಕಲಿಸುವ ಕನ್ನಡ ಶಾಲೆಯ ಪಕ್ಕದಲ್ಲೇ ಕರೆಂಟ್ ಮಗ್ಗದ ಶೆಡ್ ಇದೆ. ಅದರ ಖಟಖಟ ನಿಂತಾಗ ನಾನು ಬೋರ್ಡಿನ ಮೇಲೆ ಭಾಗಾಕಾರ ಬರೆಯುತ್ತಿದ್ದೆ. ತಿರುಗಿ ನೋಡಿದರೆ ಕಿಟಕಿ ಬಳಿಯ ಜಾಗ ಖಾಲಿ.

ಅಲ್ಲಿ ಕೂರುತ್ತಿದ್ದ ಹುಡುಗಿಗೆ ಆಟಿಸಂ ಇದೆ ಎಂದು ಕೊಲ್ಲಾಪುರದ ಡಾಕ್ಟರು ಹೇಳಿದ್ದರು. ಮಾತು ಕಡಿಮೆ, ಲೆಕ್ಕ ಚುರುಕು. ಮಗ್ಗದ ಸಪ್ಪಳದಿಂದ ತ್ರಾಸಾದೀತೆಂದು ನಾವು ದೂರದ ಮೂಲೆಯಲ್ಲಿ ಕೂರಿಸಿದರೂ ಅವಳು ಮತ್ತೆ ಕಿಟಕಿಗೇ ಬರುತ್ತಿದ್ದಳು.

ಹೊರಗೆ ಓಡಿದೆ. ಶೆಡ್ಡಿನ ಬಾಗಿಲು ತೆರೆದಿತ್ತು. ಕೆಲಸಗಾರರು ಚಹಾಕ್ಕೆ ಹೋಗಿದ್ದರು. ಜ್ವರ ಬಂದವರ ಹಣೆ ಮುಟ್ಟಿ ನೋಡುವ ಹಾಗೆ ಅವಳು ಒಂದು ಮಗ್ಗದ ಮೇಲೆ ಅಂಗೈ ಇಟ್ಟು ನಿಂತಿದ್ದಳು. ಭುಜ ಹಿಡಿದು ಎಳೆದುಕೊಂಡೆ. ಆಗಲೇ ಕರೆಂಟ್ ಬಂತು. ಆ ಮಗ್ಗದ ಬಟನ್ ಯಾರೂ ಬಂದ್ ಮಾಡಿರಲಿಲ್ಲ. ಅವಳ ಕೈ ಇದ್ದ ಜಾಗದಲ್ಲಿ ಲಾಳಿ ಹಾಯಿತು. ಅವಳು ನಕ್ಕಳು.

ಮರುದಿನ ಪಾಲಕರ ಸಭೆಯಲ್ಲಿ, ವಿಶೇಷ ಶಾಲೆಗೆ ಕಳಿಸುವುದೇ ಒಳ್ಳೆಯದು ಎಂದರು ಹಲವರು. ಕೆಟ್ಟ ಮನಸ್ಸಿನಿಂದಲ್ಲ, ಹೆದರಿದ್ದರು.

“ಅಕ್ಕೋರು ಆಕಿ ಹಿಂದ ಓಡಿದ್ರು. ಉಳಿದ ಹುಡುಗುರನ್ನ ಯಾರ್ ನೋಡ್ಬೇಕ್ರಿ?” ಎಂದು ಒಬ್ಬ ತಾಯಿ ನನ್ನತ್ತ ಕೈ ತೋರಿಸಿ ಕೇಳಿದರು.

ಹುಡುಗಿಯ ತಾಯಿ, ಮಗಳ ಶಾಲೆ ಬಿಡಿಸಿ ಗಡಹಿಂಗ್ಲಜದ ತವರಿಗೆ ಹೋಗುವುದಾಗಿ ಹೇಳಿದರು. “ಇಲ್ಲೆ ಆಕಿಗೆ ಒಬ್ಬಾಕಿ ಗೆಳತಿ ಅದಾಳ. ಅಷ್ಟ ಬಿಟ್ಟು ಹೋಗಬೇಕಲ್ಲಾ ಅಂತ ಸಂಕಟ.”

ಆ ಗೆಳತಿಯ ತಂದೆಯೇ ಶೆಡ್ಡಿನ ಮಾಲೀಕರು. ಅವರು ಎದ್ದು ನಿಂತರು. “ಬಾಗಲಾ ತೆರೆದಿಟ್ಟಾವ ನಾ. ಶಿಕ್ಷಾ ಕೂಸಿಗ್ಯಾಕ್ರಿ? ಇನ್ನ ಕರೆಂಟ್ ಹೋತಂದ್ರ ಮೇನ್ ಸ್ವಿಚ್ ಬಂದ್, ಬಾಗಲಾನೂ ಬಂದ್.”

“ಹಂಗಾರ ಸಾವಕಾರ್ರ ಲೈಟ್ ಬಿಲ್ಲೂ ಉಳೀತು ಬಿಡ್ರಿ,” ಎಂದು ಹಿಂದಿನಿಂದ ಯಾರೋ ಅಂದರು. ನಗು ಎದ್ದಿತು. ಹುಡುಗಿ ಇಲ್ಲೇ ಇರಲಿ, ದೀಪಾವಳಿ ರಜೆಯವರೆಗೆ ನೋಡೋಣ ಎಂದು ಮುಖ್ಯಾಧ್ಯಾಪಕಿ ಸಭೆ ಮುಗಿಸಿದರು. ನಾನು ಹೊರಗೆ ಹೋಗಬೇಕಾಗಿ ಬಂದರೆ ಪಕ್ಕದ ತರಗತಿಯವರು ನನ್ನ ಮಕ್ಕಳನ್ನು ನೋಡಿಕೊಳ್ಳಬೇಕೆಂದೂ ಠರಾವಾಯಿತು.

ನನ್ನ ಮನೆಯೂ ಮಗ್ಗಗಳ ಓಣಿಯಲ್ಲೇ ಇದೆ. ಅವು ರಾತ್ರಿಯಿಡೀ ನಡೆಯುತ್ತವೆ. ಅಂದಿನಿಂದ ಕರೆಂಟ್ ಹೋಗಿ ಅವು ನಿಂತರೆ ಸಾಕು, ಎಚ್ಚರವಾಗುತ್ತಿತ್ತು. ಕಣ್ಣೆದುರು ಆ ಅಂಗೈ. ಹೀಗೆ ಎದ್ದು ಕೂತಾಗಲೇ ಒಮ್ಮೆ ಹೊಳೆಯಿತು: ಸಪ್ಪಳ ನಿಂತದ್ದಕ್ಕೇ ಅವಳೂ ಎದ್ದು ಹೋಗಿದ್ದಳು, ಏನಾಯಿತೆಂದು ನೋಡಲು. ಅದನ್ನು ತರಗತಿಗೆ ಹೇಳಿದೆ.

ರಜೆಗೆ ಮುಂಚೆ ಒಂದು ದಿನ ಪಾಠದ ನಡುವೆ ಮಗ್ಗ ನಿಂತವು. ಅವಳು ಎದ್ದಳು. ನಾನು ಬಾಗಿಲ ಕಡೆ ಹೆಜ್ಜೆ ಇಟ್ಟೆ. ಪಕ್ಕದಲ್ಲಿ ಕೂತಿದ್ದ ಗೆಳತಿ ಪುಸ್ತಕದಿಂದ ತಲೆ ಎತ್ತಲಿಲ್ಲ. “ಕರೆಂಟ್ ಹೋಗೇತಿ. ಬರ್ತೇತಿ, ಕುಂದ್ರ.”

ಅವಳು ಕಿಟಕಿಯಿಂದ ಶೆಡ್ಡಿನ ಮುಚ್ಚಿದ ಬಾಗಿಲು ನೋಡಿದಳು. “ಬರ್ತೇತಿ,” ಎಂದು ಕೂತು ಪೆನ್ಸಿಲ್ ಹಿಡಿದಳು.

ಮಾರನೆಯ ಬೆಳಿಗ್ಗೆ ನಾನು ನೀರು ತುಂಬುವಾಗ ಪಕ್ಕದ ಮನೆಯವರು ಗೊಣಗುತ್ತಿದ್ದರು, ರಾತ್ರಿ ಕರೆಂಟ್ ಹೋಗಿ ಸೊಳ್ಳೆ ಕಾಟದಲ್ಲಿ ನಿದ್ದೆಯೇ ಇಲ್ಲವೆಂದು. ನನಗೆ ಎಚ್ಚರವೇ ಆಗಿರಲಿಲ್ಲ.